5,000 ರೂಪಾಯಿ ಇದೆ, 4-5ನೇ ತರಗತಿಗೆ ಏನು ತರಲಿ?

ಬಾಗೇಪಲ್ಲಿ ಟೀಚರ್ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗೇಪಲ್ಲಿ ತಾಲೂಕಿನ ಗಡಿ ಹಳ್ಳಿಯ ಶಾಲೆ. ಎದುರಿನ ಗುಡ್ಡ ಇಳಿದರೆ ಆಂಧ್ರ. ನಾನು ಇಲ್ಲಿಗೆ ಬಂದು ಎರಡು ವರ್ಷ ಆಯಿತು. 4 ಮತ್ತು 5ನೇ ತರಗತಿ ಒಂದೇ ಕೋಣೆಯಲ್ಲಿ, ಒಟ್ಟು 23 ಮಕ್ಕಳು, ಎಲ್ಲಾ ವಿಷಯಕ್ಕೂ ನಾನೊಬ್ಬಳೇ.

ಊರಿನವರೊಬ್ಬರು ಮಗಳ ಮದುವೆ ಆದ ಖುಷಿಗೆ ಶಾಲೆಗೆ 5,000 ರೂಪಾಯಿ ಕೊಟ್ಟಿದ್ದಾರೆ. "ಮಕ್ಕಳಿಗೆ ಏನಾದ್ರೂ ತರ್ಸಿ ಮೇಡಂ" ಅಂದರು. ಎಚ್‌ಎಂ (ಮುಖ್ಯ ಶಿಕ್ಷಕರು) ಚಾರ್ಟು ತರೋಣ ಅಂತಾರೆ. ನನಗೆ ಮನಸ್ಸಿಲ್ಲ. ಗೋಡೆಯಲ್ಲಿ ಈಗಲೇ ಹೃದಯ, ಮೂತ್ರಪಿಂಡ, ಸೌರಮಂಡಲ ಎಲ್ಲಾ ನೇತಾಡುತ್ತಿವೆ. ಬಿಸಿಲಿಗೆ ಬಣ್ಣ ಹೋಗಿ ಸೂರ್ಯನೇ ಬೆಳ್ಳಗಾಗಿದ್ದಾನೆ.

ಕಷ್ಟ ಏನು ಅಂತ ಹೇಳುತ್ತೇನೆ. ಮೊನ್ನೆ 502ರಲ್ಲಿ 267 ಕಳೆಯಿರಿ ಅಂದೆ. 14 ಮಕ್ಕಳು 365 ಅಂತ ಬರೆದರು. ಪರಿಸರ ಅಧ್ಯಯನದಲ್ಲಿ ಪಾಠ ಓದಿ ಪ್ರಶ್ನೋತ್ತರ ಬರೆಸುವುದು ಬಿಟ್ಟು ಬೇರೆ ಏನೂ ನಡೆಯುತ್ತಿಲ್ಲ. ಬರವಣಿಗೆ ಕೇಳಲೇಬೇಡಿ. ಬೋರ್ಡ್ ನೋಡಿ ಬರೆದರೆ ಮುತ್ತಿನಂಥ ಅಕ್ಷರ. ಸ್ವಂತವಾಗಿ ನಾಲ್ಕು ಸಾಲು ಬರೆಯಿರಿ ಅಂದರೆ ಪೆನ್ಸಿಲ್ ಮೊಂಡಾಗಿದೆ, ರಬ್ಬರ್ ಕಳೆದಿದೆ, ನೀರು ಕುಡಿಯಬೇಕು. ಮನೆಯಲ್ಲಿ ಎಲ್ಲರದೂ ತೆಲುಗು ಬೇರೆ.

ಏನು ಕೊಳ್ಳಲಿ? ಹಣ ಪೋಲಾಗಬಾರದು.

ನಿವೃತ್ತ ಮೇಷ್ಟ್ರು, ಕೋಲಾರ

ಮೇಡಂ, ಮೊದಲು ಆ 365 ನೋಡೋಣ. 5ರಲ್ಲಿ 2 ಹೋದರೆ 3. ಸೊನ್ನೆಗೂ 6ಕ್ಕೂ ಇರುವ ವ್ಯತ್ಯಾಸ 6. 2ಕ್ಕೂ 7ಕ್ಕೂ 5. ಮೂರು ಕಡೆಯೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾರೆ, ಯಾವುದು ಮೇಲೆ ಯಾವುದು ಕೆಳಗೆ ಅಂತ ನೋಡಿಲ್ಲ. 14 ಮಕ್ಕಳೂ ಒಂದೇ ಉತ್ತರ ಬರೆದಿದ್ದರೂ ಅದು ಕಾಪಿ ಹೊಡೆದದ್ದಿರಲಾರದು. ಅವರಿಗೆ 502 ಅಂದರೆ ಪಕ್ಕಪಕ್ಕ ಕೂತ ಮೂರು ಅಂಕಿ, ಅಷ್ಟೇ.

ಒಂದು ಪೈಸೆ ಖರ್ಚು ಮಾಡುವ ಮೊದಲು ತೆಂಗಿನ ಕಡ್ಡಿ ಪೊರಕೆ ತನ್ನಿ. ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿಸಿ. ಹತ್ತಕ್ಕೊಂದು ರಬ್ಬರ್ ಬ್ಯಾಂಡ್. ಅಂಥ ಹತ್ತು ಕಟ್ಟು ಸೇರಿಸಿ ದೊಡ್ಡ ಕಟ್ಟು. ಈಗ 502 ಕೈಗೆ ಕೊಟ್ಟು, ಅದರಲ್ಲಿ 267 ನನಗೆ ಕೊಡು ಅನ್ನಿ. ಮಗು ಹತ್ತಿರ ಬಿಡಿ ಕಡ್ಡಿ ಎರಡೇ. ಏಳು ಎಲ್ಲಿಂದ ಕೊಡುತ್ತದೆ? ಹತ್ತರ ಕಟ್ಟು ಒಂದೂ ಇಲ್ಲ. ದೊಡ್ಡ ಕಟ್ಟು ಬಿಚ್ಚಲೇಬೇಕು. ಬಿಚ್ಚಿದರೆ ಹತ್ತು ಸಣ್ಣ ಕಟ್ಟು ಬಂತು. ಅದರಲ್ಲಿ ಒಂದನ್ನು ಮತ್ತೆ ಬಿಚ್ಚಬೇಕು. "ಪಕ್ಕದ ಮನೆಯಿಂದ ಸಾಲ ತಗೋ" ಅಂತ ನಾವೆಲ್ಲ ಹೇಳಿಕೊಡುತ್ತೇವಲ್ಲ, ಪಕ್ಕದ ಮನೆಯಲ್ಲಿ ಸೊನ್ನೆ ಇದ್ದರೆ ಮಗು ಏನು ಮಾಡಬೇಕು ಪಾಪ.

ಇನ್ನೊಂದು. ನಿಮ್ಮ ಶಾಲೆಯ ಬೀರು ತೆಗೆದು ನೋಡಿ. ಸರ್ಕಾರಿ ಶಾಲೆಗಳಿಗೆ ಕೊಟ್ಟ ಗಣಿತ ಕಲಿಕಾ ಆಂದೋಲನದ ಕಿಟ್ (ಲೆಕ್ಕದ ಸಾಮಾನಿನ ಪೆಟ್ಟಿಗೆ) ಇದ್ದರೂ ಇರಬಹುದು.

ಬಾಗೇಪಲ್ಲಿ ಟೀಚರ್

ಮೇಷ್ಟ್ರೇ, ಇದೆ! ಅಬ್ಯಾಕಸ್, ಹತ್ತರ ಬ್ಲಾಕು, ಭಿನ್ನರಾಶಿಯ ತುಂಡುಗಳು, ಗಡಿಯಾರ, ರಬ್ಬರ್ ಸಿಕ್ಕಿಸುವ ಮೊಳೆ ಹಲಗೆ ಎಲ್ಲಾ. ಕೆಲವಕ್ಕೆ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. ಹಿಂದಿನವರು ಸ್ಟಾಕ್ ರಿಜಿಸ್ಟರ್‌ನಲ್ಲಿ ಎಣಿಸಿ ಬರೆದು, ಬೀಗ ಹಾಕಿ, ನನಗೆ ಚಾರ್ಜ್ ಕೊಟ್ಟಿದ್ದಾರೆ. ಒಂದು ಬ್ಲಾಕ್ ಕಳೆದರೂ ನಾನೇ ಉತ್ತರ ಕೊಡಬೇಕಲ್ಲ ಅಂತ ನಾನೂ ಮುಟ್ಟಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ.

ಪಾವಗಡ ಮೇಷ್ಟ್ರು

ನಾಚಿಕೆ ಯಾಕೆ ಮೇಡಂ, ಅರ್ಧ ಜಿಲ್ಲೆ ಕಥೆ ಇದೇ. ನಾನು ಮಾಡಿದ್ದು ಹೇಳುತ್ತೇನೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ "ಇವು ಮಕ್ಕಳ ಕೈಯಲ್ಲಿ ಸವೆಯುವ ಸಾಮಾನು, ಒಡೆಯಬಹುದು, ಕಳೆಯಬಹುದು" ಅಂತ ನಡಾವಳಿಯಲ್ಲಿ ಬರೆಸಿ ಸಹಿ ಹಾಕಿಸಿದೆ. ಆಮೇಲೆ ಬೀರಿನ ಬೀಗವೇ ತೆಗೆದೆ. ಒಂದು ವರ್ಷದಲ್ಲಿ ಹೋಗಿದ್ದು ಬ್ಲಾಕು ಆರು, ಗಡಿಯಾರದ ಮುಳ್ಳು ಒಂದು. ಮುಳ್ಳಿಗೆ ತೆಂಗಿನ ಕಡ್ಡಿ ಸಿಕ್ಕಿಸಿದ್ದೇವೆ, ಟೈಮ್ ಸರಿಯಾಗೇ ತೋರಿಸುತ್ತದೆ.

ತಿಪಟೂರು ಗಣಿತ

ನಾನು ಸ್ವಲ್ಪ ತಕರಾರು ತೆಗೀತೀನಿ, ಬೇಜಾರಾಗಬೇಡಿ. ಕಿಟ್ ತೆಗೆದ ತಕ್ಷಣ ಲೆಕ್ಕ ಬರುವುದಿಲ್ಲ. ಮೂರು ವರ್ಷ ಬಳಸಿ ಹೇಳುತ್ತಿದ್ದೇನೆ. ಬ್ಲಾಕ್ ಕೊಟ್ಟರೆ ಮಕ್ಕಳು ಚೆನ್ನಾಗಿ ಕಳೆಯುತ್ತಾರೆ. ಅದನ್ನು ಒಳಗಿಟ್ಟು ನೋಟ್‌ಬುಕ್ ತೆಗೆಸಿದರೆ ಮತ್ತೆ ಅದೇ 365. ಆಟ ಬೇರೆ, ಲೆಕ್ಕ ಬೇರೆ ಅಂದುಕೊಂಡಿರುತ್ತಾರೆ. ಅವರ ತಪ್ಪಲ್ಲ, ಎರಡನ್ನೂ ನಾನು ಬೇರೆ ಬೇರೆ ಪೀರಿಯಡ್‌ನಲ್ಲಿ ಮಾಡಿಸುತ್ತಿದ್ದೆ.

ಈಗ ಇಬ್ಬಿಬ್ಬರನ್ನು ಕೂರಿಸುತ್ತೇನೆ. ಒಬ್ಬ ಕಟ್ಟು ಬಿಚ್ಚಬೇಕು, ಇನ್ನೊಬ್ಬ ಅದೇ ಹೊತ್ತಿಗೆ ಬರೆಯಬೇಕು. ನೂರರ ಕಟ್ಟು ಬಿಚ್ಚಿದರೆ ಬರೆಯುವವನು 5 ಹೊಡೆದು 4 ಮಾಡುತ್ತಾನೆ, ಸೊನ್ನೆ ಮೇಲೆ 10. ಹತ್ತರ ಕಟ್ಟು ಬಿಚ್ಚಿದರೆ ಆ 10 ಹೋಗಿ 9, ಕೊನೆಯ 2 ಈಗ 12. ಕಟ್ಟು ಬಿಚ್ಚದೇ ಅಂಕಿ ಬದಲಾಯಿಸುವ ಹಾಗಿಲ್ಲ. ಆಮೇಲೆ ಕಳೆಯುವುದು. 235 ಬಂತಾ, ಕಡ್ಡಿ ಎಣಿಸಿ ನೋಡು. ಆಮೇಲೆ ಇಬ್ಬರೂ ಕೆಲಸ ಅದಲು ಬದಲು. ಸುಮಾರು ಎರಡು ವಾರ ಬೇಕಾಗುತ್ತದೆ. ನಂತರ ಕಡ್ಡಿಯನ್ನು ಅವರೇ ಕೇಳುವುದಿಲ್ಲ. ಅಷ್ಟರಲ್ಲಿ ಪಾಠ ಹಿಂದೆ ಬಿತ್ತು ಅಂತ ಶಾಲೆ ನೋಡಲು ಬರುವ ಸಿಆರ್‌ಪಿ ಕೇಳಬಹುದು, ಕೇಳಲಿ ಬಿಡಿ.

ಡೈರಿ ಸೆಕ್ರೆಟರಿ, ಮಾಲೂರು

ನಾನು ಟೀಚರ್ ಅಲ್ಲ. ನಮ್ಮೂರ ಹಾಲಿನ ಡೈರಿ ನೋಡಿಕೊಳ್ಳುತ್ತೇನೆ. ಒಂದು ವಿಷಯ ಹೇಳಲೇಬೇಕು ಅನ್ನಿಸಿತು.

ಬೆಳಿಗ್ಗೆ ಹಾಲು ಹಾಕಲು ಮಕ್ಕಳೇ ಜಾಸ್ತಿ ಬರುತ್ತಾರೆ. ಚೀಟಿಯಲ್ಲಿ ಲೀಟರ್, ಫ್ಯಾಟ್, ರೇಟು ಎಲ್ಲಾ ಚುಕ್ಕಿ ಹಾಕಿ ಬಂದಿರುತ್ತದೆ. ಒಂದು ದಿನ 5ನೇ ಕ್ಲಾಸ್ ಹುಡುಗಿಗೆ ಸುಮ್ನೆ ಕೇಳಿದೆ, ನಿಮ್ಮ ಹಾಲಿನ ಫ್ಯಾಟ್ 3.9 ಇದೆ, ಇನ್ನೊಂದು ಪಾಯಿಂಟ್ ಏರಿದರೆ ಎಷ್ಟು? "ಮೂರು ಪಾಯಿಂಟ್ ಹತ್ತು" ಅಂದಳು. ಪಕ್ಕದಲ್ಲಿದ್ದ ಹುಡುಗನೂ ಅದನ್ನೇ ಹೇಳಿದ. ನಾನು ಏನೂ ಹೇಳಲಿಲ್ಲ. ನಾಲ್ಕು ದಿನದ ಚೀಟಿ ತೆಗೆದು ತೋರಿಸಿದೆ. 3.8, 3.9, 4.0, 4.1. ಮೆಷಿನ್ ಯಾವತ್ತೂ 3.10 ತೋರಿಸಿಲ್ಲ ನೋಡು ಅಂದೆ. ಹುಡುಗಿ ಬಹಳ ಹೊತ್ತು ಚೀಟಿ ನೋಡುತ್ತಾ ನಿಂತಿದ್ದಳು. "ಹಂಗಾದ್ರೆ ಅದು ಹತ್ತನೇ ಭಾಗಾನಾ ಅಣ್ಣ?" ಅಂದಳು. ಕ್ಯೂನಲ್ಲಿ ಹಿಂದೆ ಇದ್ದವರು ಬೈಯುತ್ತಿದ್ದರು, ಅದು ಬೇರೆ ವಿಷಯ.

ಹಳೇ ಚೀಟಿ ಮನೆಮನೆಯಲ್ಲೂ ಬಿದ್ದಿರುತ್ತವೆ. ತರಿಸಿಕೊಳ್ಳಿ ಮೇಡಂ.

ನಿವೃತ್ತ ಮೇಷ್ಟ್ರು, ಕೋಲಾರ

ಸೆಕ್ರೆಟರಿಯವರೇ, ನೀವು ಮೇಷ್ಟ್ರಾಗಬೇಕಿತ್ತು.

ಭಿನ್ನರಾಶಿಗೂ ಹೀಗೇ. ಅಜ್ಜಿ ಮನೆಯಲ್ಲಿ ಸೇರು, ಅಚ್ಚೇರು, ಪಾವು, ಚಟಾಕು ಇನ್ನೂ ಇದ್ದರೆ ಒಂದು ದಿನ ಶಾಲೆಗೆ ತರಿಸಿ. ಅಚ್ಚೇರು ಅಂದರೆ ಅರ್ಧ ಸೇರು. ಪಾವು ಕಾಲು ಸೇರು. ನಾಲ್ಕು ಚಟಾಕು ಒಂದು ಪಾವು, ಅಲ್ಲಿಗೆ ಚಟಾಕು ಹದಿನಾರನೇ ಒಂದು ಭಾಗ. ರಾಗಿ ಸುರಿದು ಅಳೆಯಲಿ. 1/16 ಅಂದಾಗ 16 ದೊಡ್ಡದು, ಅದಕ್ಕೇ 1/4ಕ್ಕಿಂತ 1/16 ಜಾಸ್ತಿ ಅನ್ನುವ ಮಗು ಒಂದು ಸಲ ಚಟಾಕು ನೋಡಿದರೆ ಸಾಕು. ಕೆಳಗೆ ಬೆಡ್‌ಶೀಟ್ ಹಾಸಿಕೊಳ್ಳಿ, ಇಲ್ಲದಿದ್ದರೆ ಕೋಣೆಯ ಮೂಲೆಯಲ್ಲಿ ರಾಗಿ ಪೈರು ಬರುತ್ತದೆ.

ಶಿಡ್ಲಘಟ್ಟ, ರೇಷ್ಮೆ ಮನೆ

ನಾನು ಇಬ್ಬರು ಮಕ್ಕಳ ತಾಯಿ. ನಮ್ಮದು ಹುಳು ಸಾಕೋ ಮನೆ. ವಿಜ್ಞಾನಕ್ಕೆ ಏನು ಮಾಡಲಿ ಅಂದಿರಲ್ಲ ಟೀಚರ್, ನಿಮ್ಮ ಕಡೆ ರೇಷ್ಮೆ ಇಲ್ವಾ? ನಮ್ಮ ಮಗಳ ಪುಸ್ತಕದಲ್ಲಿ ಚಿಟ್ಟೆ ಚಿತ್ರ ಕೊಟ್ಟು ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ ಅಂತ ಬಾಣ ಹಾಕಿದ್ದರು. ಅವಳು ಬಾಯಿಪಾಠ ಮಾಡುತ್ತಾ ಕೂತಿದ್ದಳು. ಗೋಡೆ ಆ ಕಡೆ ಸಾವಿರಾರು ಹುಳು ಸೊಪ್ಪು ತಿನ್ನುತ್ತಿವೆ, ಮಳೆ ಬಂದ ಹಾಗೆ ಸದ್ದು. ಇವಳು ಈ ಕಡೆ ಬಾಯಿಪಾಠ.

ಆಮೇಲೆ ಯೋಚನೆ ಮಾಡಿದೆ. ನಮ್ಮ ಮಕ್ಕಳೂ ರೇಷ್ಮೆ ಚಿಟ್ಟೆ ನೋಡಿಲ್ಲ. ಯಾಕೆಂದರೆ ಗೂಡು ಬಿಡಿಸಿದ ಕೂಡಲೇ ಮಾರ್ಕೆಟ್ಟಿಗೆ ಹೋಗುತ್ತದೆ. ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬಂದರೆ ನೂಲು ಕಿತ್ತುಹೋಗಿ ನಮಗೆ ನಷ್ಟ. ಅದಕ್ಕೇ ಯಾರೂ ಬಿಡುವುದಿಲ್ಲ. ಕಳೆದ ಸಲ ಐದು ಗೂಡು ತೆಗೆದು ರಟ್ಟಿನ ಡಬ್ಬಿಯಲ್ಲಿಟ್ಟು ಮಗಳ ಟೀಚರ್‌ಗೆ ಕಳಿಸಿದೆ. ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಬಂತು. ಹಾರಲ್ಲ, ಬಾಯಿ ಇದ್ದರೂ ಏನೂ ತಿನ್ನಲ್ಲ. ಮೊಟ್ಟೆ ಇಟ್ಟು ಸತ್ತೋಯ್ತು. ಮಕ್ಕಳು ಎಷ್ಟು ಪ್ರಶ್ನೆ ಕೇಳಿದರೋ ಅಂತ ಟೀಚರ್ ಹೇಳಿದರು.

ನೀವು ಮಾಡುವುದಾದರೆ ಚಾಕಿ ಹುಳು (ಎಳೇ ಹುಳು) ತನ್ನಿ, ಎರಡನೇ ಜ್ವರ ಎದ್ದವು. ಇಪ್ಪತ್ತು ಇಪ್ಪತ್ತೈದು ಸಾಕು. ಜ್ವರ ಅಂದರೆ ನಮ್ಮ ಭಾಷೆಯಲ್ಲಿ ಹುಳು ಚರ್ಮ ಬಿಡುವ ಹೊತ್ತು. ಸೊಪ್ಪು ತಿನ್ನಲ್ಲ, ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ. ಆವಾಗ ಮುಟ್ಟಬಾರದು, ಸೊಪ್ಪೂ ಹಾಕಬಾರದು. ನಾಲ್ಕು ಜ್ವರ ಆಗಬೇಕು. ನಾಲ್ಕನೇದು ಎದ್ದ ಮೇಲೆ ಏಳೆಂಟು ದಿನ ತಿನ್ನುವುದು ನೋಡಬೇಕು ನೀವು! ಔಷಧಿ ಹೊಡೆದ ತೋಟದ ಸೊಪ್ಪು ಬೇಡ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಮುಟ್ಟಬಾರದು, ಹುಳು ಸಾಯುತ್ತವೆ. ಟೇಬಲ್‌ನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ, ಇಲ್ಲದಿದ್ದರೆ ಒಂದೇ ರಾತ್ರಿಗೆ ಇರುವೆ ಖಾಲಿ ಮಾಡುತ್ತವೆ. ಹಣ್ಣಾದ ಹುಳು ಹೊಳೆಯುತ್ತದೆ, ಸೊಪ್ಪು ಬಿಟ್ಟು ಮೇಲೆ ಹತ್ತಲು ನೋಡುತ್ತದೆ. ಆವಾಗ ಗೂಡು ಕಟ್ಟಲು ಚಂದ್ರಿಕೆ ಬೇಕು, ನಿಮಗೆ ಅಂಗಡಿಯ ಕೋಳಿ ಮೊಟ್ಟೆ ಜೋಡಿಸುವ ರಟ್ಟಿನ ಟ್ರೇ ಸಾಕಾಗುತ್ತದೆ.

ಮಕ್ಕಳನ್ನು ರೈತರ ಹುಳು ಮನೆ ಒಳಗೆ ಮಾತ್ರ ಕರೆದುಕೊಂಡು ಹೋಗಬೇಡಿ. ರೋಗ ತಗಲುತ್ತೆ ಅಂತ ನಾವು ನೆಂಟರನ್ನೇ ಬಿಡಲ್ಲ.

ತಿಪಟೂರು ಗಣಿತ

ಅಕ್ಕ ಹೇಳಿದ್ದರಲ್ಲಿ ಗಣಿತವೂ ಇದೆ. ದಿನಾ ಒಂದೇ ಹೊತ್ತಿಗೆ ಐದು ಹುಳುವಿನ ಉದ್ದ ಅಳೆದು ಬರೆಯಲಿ. ಹುಳು ನೇರ ನಿಲ್ಲಲ್ಲ, ಪಕ್ಕದಲ್ಲಿ ದಾರ ಇಟ್ಟು ಆಮೇಲೆ ಸ್ಕೇಲಿಗೆ ಹಿಡಿಯಲಿ. ಕೊನೆಗೆ ಆರೇಳು ಸೆಂಟಿಮೀಟರ್ ಬರುತ್ತದೆ. ಚೌಕದ ಹಾಳೆಯಲ್ಲಿ ಕಂಬ ಎಬ್ಬಿಸಿದರೆ ಜ್ವರದ ದಿನ ಕಂಬ ಬೆಳೆಯದೇ ನಿಂತಿರುತ್ತದೆ. ದತ್ತಾಂಶ ನಿರ್ವಹಣೆ ಪಾಠ ಮುಗೀತು.

ಪ್ರೈವೇಟ್ ಶಾಲೆ ಪೋಷಕ, ತುಮಕೂರು

ಎಲ್ಲಾ ಚೆನ್ನಾಗಿದೆ, ಆದರೆ ಇದು ಯಾವ ಕಾಲ? ಒಂದು ಟ್ಯಾಬ್ಲೆಟ್‌ಗೆ ಆ 5,000 ಹಾಕಿ. ನನ್ನ ಮಗ ಆ್ಯಪ್‌ನಲ್ಲೇ ಎಲ್ಲಾ ಕಲಿಯುತ್ತಾನೆ. ಪೊರಕೆ ಕಡ್ಡಿ, ಹುಳು ಇವೆಲ್ಲ ಹಳ್ಳಿ ಮಕ್ಕಳಿಗೆ ಮಾತ್ರನಾ?

ಪಾವಗಡ ಮೇಷ್ಟ್ರು

ಸರ್, 23 ಮಕ್ಕಳಿಗೆ ಒಂದು ಟ್ಯಾಬ್ಲೆಟ್ ಕೊಟ್ಟರೆ ಒಬ್ಬ ಒತ್ತುತ್ತಾನೆ, 22 ಜನ ಅವನ ಬೆನ್ನು ನೋಡುತ್ತಾರೆ. ಮೊಬೈಲ್ ಬೇಡ ಅನ್ನುತ್ತಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ವೀಡಿಯೊ ಸಿಗುತ್ತವೆ, ಹಿಂದಿನ ರಾತ್ರಿ ನಾನೇ ನೋಡಿಕೊಳ್ಳುತ್ತೇನೆ. ಫೆಟ್ ಅಂತ ಕೊಲರಾಡೊ ವಿಶ್ವವಿದ್ಯಾಲಯದವರು ಮಾಡಿದ, ಪರದೆ ಮೇಲೆ ಮಾಡಿ ನೋಡುವ ಗಣಿತ, ವಿಜ್ಞಾನದ ಪ್ರಯೋಗಗಳಿವೆ, ಕೆಲವು ಕನ್ನಡದಲ್ಲೂ ಬಂದಿವೆ. ಅರವಿಂದ ಗುಪ್ತಾ ಅವರ ವೆಬ್‌ಸೈಟ್ ನೋಡಿ, ಕಸದಿಂದ ಮಾಡುವ ಆಟಿಕೆಗಳು ಎಷ್ಟೊಂದಿವೆ. ಐಐಟಿಯಲ್ಲಿ ಓದಿ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್ ಹಿಡಿದು ರೇಖಾಗಣಿತ ಕಲಿಸಿದವರು. 2018ರಲ್ಲಿ ಪದ್ಮಶ್ರೀ ಬಂತು. ಅವರದ್ದನ್ನು ಹಳ್ಳಿ ಮಕ್ಕಳಿಗೆ ಮಾತ್ರ ಅಂತ ಯಾರೂ ಹೇಳಿಲ್ಲ.

ಟೀಚರ್, ನನ್ನ ಎರಡು ಐಟಂ. ಎರಡಕ್ಕೂ ಖರ್ಚಿಲ್ಲ.

ಎರಡು ಸ್ಟೀಲ್ ತಟ್ಟೆ. ಒಂದರಲ್ಲಿ ಹಿಡಿದಿಟ್ಟ ಮಳೆ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು, ಒಂದೊಂದು ಲೋಟ. ಬಿಸಿಲಿಗಿಡಿ. ಆರಿದ ಮೇಲೆ ಬೋರ್ ತಟ್ಟೆಯಲ್ಲಿ ಬೆಳ್ಳಗೆ ಕರೆ ಉಳಿಯುತ್ತದೆ. ನೀರು ಹೋಯಿತು, ಕರಗಿದ್ದ ಲವಣ ಉಳಿಯಿತು. ಪಾವಗಡ, ಬಾಗೇಪಲ್ಲಿ ಎರಡೂ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಕಾಟ ಇದೆಯಲ್ಲ. ನೀರು ಕುದಿಸಿ ಕುಡಿದರೆ ಎಲ್ಲಾ ಸರಿಹೋಗುತ್ತೆ ಅಂತ ಮನೆಗಳಲ್ಲಿ ನಂಬಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ತಟ್ಟೆಯಲ್ಲಿ ಕಾಣುವ ಬಿಳಿ ಬಹುತೇಕ ಗಡಸು ನೀರಿನ ಲವಣ, ಅದನ್ನೇ ಫ್ಲೋರೈಡ್ ಅಂತ ಹೇಳಿಬಿಡಬೇಡಿ. ಮತ್ತೆ ಫ್ಲೋರೈಡ್‌ನಿಂದ ಹಲ್ಲು ಕಂದಾದ ಮಗುವನ್ನು ಎದ್ದು ನಿಲ್ಲಿಸಿ ಉದಾಹರಣೆ ಮಾಡಬೇಡಿ, ದಯವಿಟ್ಟು.

ಎರಡನೇದು ಧ್ವಜದ ಕಂಬ. ನಮ್ಮ ಕಡೆ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿ ಮೇಲೆ ಸರಿಯಾಗಿ ಬರುತ್ತಾನೆ. ಏಪ್ರಿಲ್ ಕೊನೆ ವಾರ ಒಂದು, ಆಗ ರಜಾ. ಇನ್ನೊಂದು ಪಾವಗಡಕ್ಕೆ ಆಗಸ್ಟ್ 15ರ ಆಸುಪಾಸು, ನಿಮ್ಮ ಬಾಗೇಪಲ್ಲಿಗೆ 16, ಚಿಕ್ಕಬಳ್ಳಾಪುರಕ್ಕೆ 17, ಕೋಲಾರಕ್ಕೆ 18. ಮಧ್ಯಾಹ್ನ 12:25ರ ಹೊತ್ತಿಗೆ ಕಂಬದ ನೆರಳು ಬುಡದಲ್ಲೇ ಅಡಗಿಹೋಗುತ್ತದೆ. ಮೋಡ ಇದ್ದರೆ ಕಷ್ಟ. ಹೋದ ವರ್ಷ ಮೋಡ ಕವಿದು ಜಿಲೇಬಿ ತಿಂದು ಮನೆಗೆ ಹೋದೆವು.

ಗುಬ್ಬಿ ಕನ್ನಡ ಟೀಚರ್

ಬರವಣಿಗೆ ಬಗ್ಗೆ ಯಾರೂ ಮಾತಾಡಲೇ ಇಲ್ವಲ್ಲ! ನಾನು ಹೇಳುತ್ತೇನೆ.

ಮೇಡಂ, ನಿಮ್ಮ ಮಕ್ಕಳು ಬರೆಯಲ್ಲ ಅಂದರೆ ಹೇಳಲು ಏನೂ ಇಲ್ಲದ ವಿಷಯ ಕೊಟ್ಟಿರುತ್ತೀರಿ. "ನನ್ನ ಶಾಲೆ" ಅಂತ ಕೊಟ್ಟರೆ ಯಾರಿಗೆ ಬರೆಯಬೇಕು ಅದು? ನೀವೂ ಅಲ್ಲೇ ಇದ್ದೀರಿ. ನಾನು ಒಂದು ಸಲ "ನಿಮ್ಮ ಮನೆಯಲ್ಲಿ ಕೋಳಿ ಸಾರು ಹೇಗೆ ಮಾಡುತ್ತಾರೆ, ನನಗೆ ಬರಲ್ಲ, ಬರೆದುಕೊಡಿ" ಅಂದೆ. ಒಬ್ಬ ಒಂದೂವರೆ ಪುಟ ಬರೆದ. ಕೋಳಿ ಹಿಡಿಯುವುದರಲ್ಲೇ ಒಂದು ಪುಟ ಮುಗಿದಿತ್ತು.

ನಮ್ಮ ಸೀಮೆ ಮಕ್ಕಳು ಹಕಾರ ನುಂಗುತ್ತಾರೆ. "ನಾನು ಅಜ್ಜಿ ಊರಿಗೆ ಓದೆ" ಅಂತ ಬರೆಯುತ್ತಾರೆ. ಮೊದಲೆಲ್ಲ ಕೆಂಪು ಪೆನ್ನಲ್ಲಿ ಸುತ್ತುತ್ತಿದ್ದೆ. ಹಾಳೆ ತುಂಬಾ ಕೆಂಪು. ಮುಂದಿನ ಸಲ ಆ ಮಗು ಎರಡೇ ಸಾಲು ಬರೆಯುತ್ತಿತ್ತು, ಎರಡೂ ಸರಿ. ತಪ್ಪು ಮಾಡದಿರಲು ಬರೆಯುವುದನ್ನೇ ಕಡಿಮೆ ಮಾಡಿತ್ತು. ಈಗ ಒಂದು ಬರಹದಲ್ಲಿ ಒಂದೇ ಜಾತಿಯ ತಪ್ಪು ಹಿಡಿಯುತ್ತೇನೆ. "ಊರಿಗೆ ಓದೆಯಾ? ಯಾವ ಪುಸ್ತಕ?" ಅಂದರೆ ಅವರೇ ನಕ್ಕು ತಿದ್ದುತ್ತಾರೆ.

ಓದಲು ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಪ್ರಥಮ್ ಬುಕ್ಸ್‌ನವರದು. ಹತ್ತು ಕಥೆ ಪ್ರಿಂಟ್ ಹಾಕಿಸಿ.

ತೆಲುಗಿನ ಬಗ್ಗೆ ಹೇಳಬೇಕೆಂದರೆ, ಮಾತು ತೆಲುಗಿನಲ್ಲಿ ಆಡಲಿ, ಬರೆಯುವಾಗ ಕನ್ನಡವೇ ಬರಲಿ. ಕಲಬೆರಕೆ ಬಿಟ್ಟರೆ ಮುಂದೆ ಕಷ್ಟ.

ಪಾವಗಡ ಮೇಷ್ಟ್ರು

ಮೇಡಂ, ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಮ್ಮ ಹುಡುಗನೊಬ್ಬ "ಚೀಮಲು ಸಾಲಾಗಿ ಹೋಗುತ್ತಿವೆ" ಅಂತ ಬರೆದ. ಇರುವೆ ಅನ್ನುವ ಪದ ಸಿಗಲಿಲ್ಲ ಅಂತ ನಿಂತಿದ್ದರೆ ಆ ಸಾಲೇ ಬರುತ್ತಿರಲಿಲ್ಲ. ವ್ಯಾಕರಣ ಕನ್ನಡದ್ದೇ, ಒಂದು ಪದ ಮಾತ್ರ ಮನೆಯದು. ನಾನು ಪಕ್ಕದಲ್ಲಿ ಇರುವೆ ಅಂತ ಬರೆದುಕೊಟ್ಟೆ. ಗೋಡೆ ಮೇಲೆ ಎರಡು ಸಾಲಿನ ಪಟ್ಟಿ ಬೆಳೆಸುತ್ತಿದ್ದೇವೆ, ಮನೆ ಮಾತು ಒಂದು ಕಡೆ, ಪುಸ್ತಕದ ಮಾತು ಒಂದು ಕಡೆ.

ಗುಬ್ಬಿ ಕನ್ನಡ ಟೀಚರ್

ಪಟ್ಟಿ ಚೆನ್ನಾಗಿದೆ. ಆದರೂ 5ನೇ ತರಗತಿ ಮುಗಿಯುವಷ್ಟರಲ್ಲಿ ನಿಲ್ಲಬೇಕು ಅಂತಲೇ ನನ್ನ ವಾದ. ಗುಬ್ಬಿಯಲ್ಲಿ ಕೂತು ಹೇಳುವುದು ಸುಲಭ ಅನ್ನಿ, ಒಪ್ಪುತ್ತೇನೆ.

ಗೌರಿಬಿದನೂರು, ಹೊಸ ಟೀಚರ್

ನಮ್ಮದು ನಲಿಕಲಿ (ಆಡುತ್ತಾ ಗುಂಪಿನಲ್ಲಿ ಕಲಿಯುವ ಪದ್ಧತಿ) ಕೋಣೆ. 1ರಿಂದ 3ರವರೆಗೆ ಮಕ್ಕಳು ಗುಂಪಿನ ತಟ್ಟೆ ಸುತ್ತ ನೆಲದಲ್ಲಿ ಕೂತು, ಅವರೇ ಕಾರ್ಡ್ ತೆಗೆದುಕೊಂಡು, ತಲೆ ಮೇಲೆ ಕಟ್ಟಿದ ದಾರದ ಚಪ್ಪರಕ್ಕೆ ಅವರೇ ಚಿತ್ರ ನೇತುಹಾಕುತ್ತಾರೆ. 4ಕ್ಕೆ ಹೋದ ದಿನ ಎಲ್ಲಾ ಬೆಂಚ್ ಮೇಲೆ, ಮುಖ ಬೋರ್ಡಿಗೆ. ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು, ಆದರೆ ಅದಕ್ಕೆ ದಾರಿ ತೋರಿಸಿದ ರಿಷಿ ವ್ಯಾಲಿ ಶಾಲೆ ಇರುವುದು ನಮ್ಮ ಗಡಿಯಾಚೆ ಮದನಪಲ್ಲಿ ಹತ್ತಿರ. ನೀವು ಎರಡು ತರಗತಿ ಒಟ್ಟಿಗೆ ನಡೆಸುತ್ತೀರಲ್ಲ, ಆ ಗುಂಪಿನ ಪದ್ಧತಿ ಮುಂದುವರಿಸಿ ಅಕ್ಕ. ಒಂದು ಗುಂಪು ಹುಳು ಅಳೆಯಲಿ, ಒಂದು ಕಟ್ಟು ಬಿಚ್ಚಲಿ, ನೀವು ಬರೆಯುವವರ ಜೊತೆ ಕೂತಿರಿ.

ವಿಚಾರವಾದಿ, ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಟ್ಟಿದ್ದು ನಮ್ಮ ತಾಲೂಕಿನ ಹೊಸೂರಿನಲ್ಲಿ. ಯಾವುದನ್ನೂ ಪ್ರಶ್ನೆ ಮಾಡದೇ ಒಪ್ಪಬೇಡಿ ಅಂತ ಜೀವನವಿಡೀ ಹೇಳಿದವರು. ನಮ್ಮ ತರಗತಿಗಳಲ್ಲಿ ಪ್ರಶ್ನೆ ಕೇಳುವವರು ಟೀಚರ್ ಮಾತ್ರ. ಅದಕ್ಕೆ ಬಾಗಿಲ ಹತ್ತಿರ ಒಂದು ಡಬ್ಬಿ ಇಟ್ಟಿದ್ದೇನೆ, ಮಕ್ಕಳು ಪ್ರಶ್ನೆ ಬರೆದು ಹಾಕುತ್ತಾರೆ. ನಿನ್ನೆ ಬಂದಿದ್ದು: "ಹಾವಿಗೆ ಬಿಕ್ಕಳಿಕೆ ಬರುತ್ತಾ?" ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಬಾಗೇಪಲ್ಲಿ ಟೀಚರ್ (ಐದು ವಾರದ ನಂತರ)

ತಡವಾಯಿತು, ಕ್ಷಮಿಸಿ. ಲೆಕ್ಕ ಒಪ್ಪಿಸುತ್ತೇನೆ.

ಚಾರ್ಟು ತರಲಿಲ್ಲ. ಅಳತೆ ಟೇಪು, ಭೂತಗನ್ನಡಿ ಆರು, ಅಡುಗೆಮನೆಯ ತೂಕದ ಮೆಷಿನ್ ಒಂದು, ಥರ್ಮಾಮೀಟರ್ ಎರಡು, ಎರಡು ಪ್ಯಾಕೆಟ್ ರಬ್ಬರ್ ಬ್ಯಾಂಡ್, ಬಿಳಿ ಹಾಳೆ, ಹನ್ನೆರಡು ಕಥೆಯ ಬಣ್ಣದ ಪ್ರಿಂಟು. ಇನ್ನೂ ಸ್ವಲ್ಪ ಹಣ ಉಳಿದಿದೆ. ಎಚ್‌ಎಂ ಮೊದಲು ಮುಖ ಗಂಟು ಹಾಕಿಕೊಂಡಿದ್ದರು. ತೂಕದ ಮೆಷಿನ್ ಬಂದ ದಿನ ಅವರೇ ಸೀಮೆಸುಣ್ಣ, ಕೀಲಿಗೊಂಚಲು, ಕನ್ನಡಕ ಎಲ್ಲಾ ಇಟ್ಟು ತೂಗಿ ನೋಡಿದರು.

502 ಲೆಕ್ಕ ಮತ್ತೆ ಕೊಟ್ಟೆ. 14 ಇದ್ದದ್ದು 5ಕ್ಕೆ ಇಳಿದಿದೆ. ಆ ಐವರಲ್ಲಿ ಇಬ್ಬರು ಈಗ 335 ಬರೆಯುತ್ತಾರೆ, ನೂರರ ಕಟ್ಟು ಬಿಚ್ಚಿದ್ದು ಮರೆತು 5ರಲ್ಲೇ 2 ಕಳೆಯುತ್ತಾರೆ. ಅವರ ಜೊತೆ ಮತ್ತೆ ಕಡ್ಡಿ ಹಿಡಿದು ಕೂತಿದ್ದೇನೆ.

ಹುಳುವಿನಲ್ಲಿ ಒಂದು ಎಡವಟ್ಟು ಆಯಿತು. ಶನಿವಾರ ಬಟ್ಟಲ ನೀರು ಆರಿದ್ದು ಯಾರೂ ನೋಡಲಿಲ್ಲ. ಸೋಮವಾರ ಬಂದರೆ ಹನ್ನೊಂದು ಹುಳು ಇಲ್ಲ, ಇರುವೆ ಸಾಲು ಕಿಟಕಿವರೆಗೂ ಇತ್ತು. ಇಬ್ಬರು ಅತ್ತರು. ಅವತ್ತು ಬರೆಯಿರಿ ಅಂತ ನಾನು ಹೇಳಲೇ ಇಲ್ಲ, ಮನಸ್ಸಾಗಲಿಲ್ಲ. ಮಾರನೇ ದಿನ ಬಂದಾಗ ಹುಳುವಿನ ಡಬ್ಬಿ ಮೇಲೆ ಒಂದು ರಟ್ಟಿನ ಬೋರ್ಡು ನಿಂತಿತ್ತು. 4ನೇ ತರಗತಿಯ ಹುಡುಗ, ಈ ವರ್ಷ ಒಂದು ಸಾಲು ಸ್ವಂತ ಬರೆಯದಿದ್ದವನು. "ಉಳ ಜೊರಕ್ಕೆ ಕೂತಿದೆ ಯಾರು ಮುಟ್ಟಬೇಡಿ. ಚೀಮಲು ಬರದಂಗೆ ನೀರು ಆಕಿ. ನಾನು ಬಾನುವಾರನು ಬರ್ತಿನಿ."

ನಾನು ತಿದ್ದಿಲ್ಲ. ಗುಬ್ಬಿ ಮೇಡಂ ಬೈಯಬಹುದು.

ಗುಬ್ಬಿ ಕನ್ನಡ ಟೀಚರ್

ಬೈಯಲ್ಲ. ಆ ಬೋರ್ಡಿನ ಫೋಟೋ ಹಾಕಿ. ಹುಡುಗನ ಹೆಸರು ಕಾಣದ ಹಾಗೆ.

ಶಿಡ್ಲಘಟ್ಟ, ರೇಷ್ಮೆ ಮನೆ

ಉಳಿದ ಹುಳು ಎಷ್ಟನೇ ಜ್ವರದಲ್ಲಿವೆ ಟೀಚರ್? ನಾಲ್ಕನೇದಾದರೆ ಇನ್ನು ಸೊಪ್ಪು ಜಾಸ್ತಿ ಬೇಕು, ಎಳೇದು ಬೇಡ, ಬಲಿತ ಎಲೆ ಹಾಕಿ. ಬಟ್ಟಲ ನೀರಿನ ಮೇಲೆ ಪದರ ಕಟ್ಟುವಷ್ಟು ಅಡುಗೆ ಎಣ್ಣೆ ಬಿಡಿ, ಬೇಗ ಆರಲ್ಲ.

ಬಾಗೇಪಲ್ಲಿ ಟೀಚರ್

ನಾಲ್ಕನೇದೇ ಅಕ್ಕ. ನಿನ್ನೆ ಸಂಜೆ ಎದ್ದಿವೆ. ಎಣ್ಣೆ ಈಗಲೇ ಹಾಕಿಸುತ್ತೇನೆ.